ಕೆಡವಬೇಕಿದ್ದ ಥಿಯೇಟರ್ ಉಳಿದ ಬಗೆ: ಅಟ್ಲಾಂಟಾದ ಫಾಕ್ಸ್ ಮತ್ತು ಅದರ ಪೈಪ್ ಆರ್ಗನ್

ಹಳೇ ಥಿಯೇಟರ್ ಉಳಿಸಿದ ಕಥೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಜನ ಬೀದಿಗಿಳಿದರು, ಫಲಕ ಹಿಡಿದರು, ಸಹಿ ಸಂಗ್ರಹಿಸಿದರು, ಕಟ್ಟಡ ಉಳಿಯಿತು. ಆದರೆ ಜನ ಬೀದಿಗಿಳಿದ ಕಡೆಯಲ್ಲೆಲ್ಲ ಕಟ್ಟಡ ಉಳಿದಿಲ್ಲ. ಹಾಗಿದ್ದ ಮೇಲೆ ಉಳಿದ ಕಡೆ ಇನ್ನೂ ಏನೋ ನಡೆದಿರಬೇಕು, ಅಲ್ವಾ? ಅದೇನೆಂದು ಬಿಡಿಸಿ ನೋಡುವುದಕ್ಕೆ ಅಮೆರಿಕದ ಅಟ್ಲಾಂಟಾ ನಗರದ ಫಾಕ್ಸ್ ಥಿಯೇಟರ್ ಒಳ್ಳೆಯ ಪ್ರಕರಣ.

1974ರಲ್ಲಿ ಫಾಕ್ಸ್ ನೆಲಸಮ ಆಗುವ ಹಂತಕ್ಕೆ ಬಂದಿತ್ತು. ಕೊಳ್ಳುವವರಿಗೆ ಜಾಗ ಬೇಕಿತ್ತು. ಮಾಲೀಕರಿಗೆ ನಷ್ಟದ ಕಟ್ಟಡ ಕೈಬಿಟ್ಟರೆ ಸಾಕಿತ್ತು. ತಡೆಯುವಂಥ ಗಟ್ಟಿ ಕಾನೂನೂ ಇರಲಿಲ್ಲ. ಆದರೆ 1978ರ ಹೊತ್ತಿಗೆ ಅದೇ ಕಟ್ಟಡ ತನ್ನ ಮೇಲಿನ ಸಾಲವನ್ನೆಲ್ಲ ತೀರಿಸಿಕೊಂಡು ನಿಂತಿತ್ತು. ನಡುವಿನ ನಾಲ್ಕು ವರ್ಷಗಳ ಬಗ್ಗೆ ತುಂಬಾ ಬರೆದಿದ್ದಾರೆ. ನನಗೆ ಮುಖ್ಯ ಅನಿಸುವುದು ಅದಕ್ಕೂ ಹನ್ನೊಂದು ವರ್ಷ ಹಿಂದೆ ನಡೆದ, ಆಗ ಯಾರೂ ದೊಡ್ಡದೆಂದು ಎಣಿಸದ ಒಂದು ರಿಪೇರಿ ಕೆಲಸ.

ಇಷ್ಟು ದೊಡ್ಡ ಕಟ್ಟಡದ ಹೆಸರು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಒಳಗಿದ್ದವರನ್ನು ಅವರ ಕೆಲಸದಿಂದಷ್ಟೇ ಗುರುತಿಸುತ್ತೇನೆ: ತಂತ್ರಜ್ಞ, ವಾದಕ, ಆಡಳಿತ ಮಂಡಳಿ. ಚರಿತ್ರೆಯ ಪುಸ್ತಕ ಸೇರಿದ ಒಂದೆರಡು ಹೆಸರುಗಳನ್ನು ಮಾತ್ರ ಹೇಳಿದ್ದೇನೆ.

ಹಿನ್ನೆಲೆ

ಈ ಕಟ್ಟಡವನ್ನು ಸಿನಿಮಾಕ್ಕೆಂದು ಯೋಚಿಸಿದ್ದಲ್ಲ. ಶ್ರೈನರ್ಸ್ ಎಂಬ ಒಂದು ಸಂಘವಿದೆ. ಫ್ರೀಮೇಸನ್ ಎಂಬ ಹಳೇ ಸೋದರ ಸಂಘದ ಬಳಗದ್ದು, ಕೆಂಪು ಟೋಪಿ ಹಾಕಿಕೊಂಡು ಮೆರವಣಿಗೆ ಹೋಗುವವರು. ಅದರ ಅಟ್ಲಾಂಟಾ ಶಾಖೆಯ ಹೆಸರು ಯಾರಬ್ ಟೆಂಪಲ್. ಅವರಿಗೆ ಒಂದು ಭಾರಿ ಸಭಾಭವನ ಬೇಕಾಗಿತ್ತು. ಅರಬ್ ಮತ್ತು ಈಜಿಪ್ಟ್ ಶೈಲಿಯ ಗುಮ್ಮಟ, ಮಿನಾರು, ಕಮಾನುಗಳನ್ನೆಲ್ಲ ಸೇರಿಸಿ ನಕ್ಷೆ ಮಾಡಿಸಿದರು. ಕೆಲಸ ಶುರುವಾದ ಮೇಲೆ ಖರ್ಚು ಕೈ ಮೀರಿತು. ಆಗ ಸಿನಿಮಾ ಉದ್ಯಮಿ ವಿಲಿಯಂ ಫಾಕ್ಸ್ ಸಭಾಂಗಣವನ್ನು ಗುತ್ತಿಗೆಗೆ ಪಡೆಯಲು ಒಪ್ಪಿದ. ಸಂಘಕ್ಕೆ ಬಾಡಿಗೆ, ಅವನಿಗೆ ಥಿಯೇಟರ್.

ಬಾಗಿಲು ತೆರೆದದ್ದು 1929ರ ಡಿಸೆಂಬರ್ 25ರಂದು. ಷೇರು ಮಾರುಕಟ್ಟೆ ಕುಸಿದು ಆಗಿನ್ನೂ ಎರಡು ತಿಂಗಳು. ಇಷ್ಟು ಕೆಟ್ಟ ಮುಹೂರ್ತ ಹುಡುಕಿದರೂ ಸಿಗುತ್ತಿರಲಿಲ್ಲ.

ಒಳಗೆ ಹೋದರೆ ತೆರೆದ ಅಂಗಳದಲ್ಲಿ ರಾತ್ರಿ ಹೊತ್ತು ಕೂತಂತೆ ಕಾಣಬೇಕು ಎಂಬುದು ವಿನ್ಯಾಸದ ಉದ್ದೇಶ. ಸುತ್ತ ಕೋಟೆ ಗೋಡೆ, ಮೇಲೆ ನೀಲಿ ಆಕಾಶ, ಅದರಲ್ಲಿ 96 ನಕ್ಷತ್ರಗಳು. ಕೆಲವು ಮಿನುಗುತ್ತವೆ. ಮೋಡಗಳೂ ತೇಲುತ್ತವೆ. ಬಾಲ್ಕನಿ ಮೇಲಿನ ಪಟ್ಟೆಪಟ್ಟೆ ಡೇರೆ ಬಟ್ಟೆಯದಲ್ಲ, ಗಾರೆ ಮತ್ತು ಉಕ್ಕಿನದು. 4,600ಕ್ಕೂ ಹೆಚ್ಚು ಜನ ಕೂರಬಹುದಿತ್ತು.

ಕೂರಬಹುದಿತ್ತು ಅಂದೆ. ಎಲ್ಲರೂ ಒಂದೇ ಬಾಗಿಲಿಂದ ಬಂದು ಅಲ್ಲ. ಕಪ್ಪು ಜನರಿಗೆ ಬೇರೆ ಟಿಕೆಟ್ ಕಿಂಡಿ ಇತ್ತು. ಪಕ್ಕದ ರಸ್ತೆ ಕಡೆಯ ಹೊರಮೆಟ್ಟಿಲು ಹತ್ತಿ ಎಲ್ಲಕ್ಕಿಂತ ಮೇಲಿನ ಗ್ಯಾಲರಿಗೆ ಹೋಗಬೇಕಿತ್ತು. ಈ ಏರ್ಪಾಡು 1960ರ ದಶಕದ ಆರಂಭದವರೆಗೂ ನಡೆಯಿತು. ಫಾಕ್ಸ್ ಚೆಂದವನ್ನು ಹೊಗಳುವ ಬರಹಗಳಲ್ಲಿ ಈ ಮಾತು ಒಂದು ಸಾಲಿನಲ್ಲಿ ಮುಗಿದು ಹೋಗುತ್ತದೆ. ಆದರೆ ಮುಂದೆ ಕಟ್ಟಡವನ್ನು ಉಳಿಸಲು ಇಡೀ ಊರಿನ ಬೆಂಬಲ ಕೇಳುವಾಗ ಈ ಮೆಟ್ಟಿಲೂ ಅಲ್ಲೇ ಇತ್ತು ಎಂಬುದನ್ನು ನೆನಪಿಟ್ಟುಕೊಂಡು ಓದಬೇಕು.

ತೆರೆದ 125 ವಾರಕ್ಕೆ, 1932ರಲ್ಲಿ, ಥಿಯೇಟರ್ ಮುಚ್ಚಿತು. ಫಾಕ್ಸ್ ಸಾಮ್ರಾಜ್ಯವೇ ಉರುಳಿತ್ತು. 1930ರ ದಶಕದ ನಡುವೆ ಹೊಸ ಆಡಳಿತದಲ್ಲಿ ಮತ್ತೆ ತೆರೆದು, ಮುಂದಿನ ಮೂರು ದಶಕ ಚೆನ್ನಾಗಿಯೇ ನಡೆಯಿತು. 1947ರಿಂದ ಎರಡು ದಶಕ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೆರಾ ವರ್ಷಕ್ಕೊಮ್ಮೆ ಇಲ್ಲಿಗೇ ಬಂದು ಪ್ರದರ್ಶನ ಕೊಡುತ್ತಿತ್ತು. ಬರೀ ಪರದೆ ನೇತುಹಾಕಿದ ಸಿನಿಮಾ ಹಾಲ್ ಆಗಿದ್ದರೆ ಅದು ಸಾಧ್ಯವಾಗುತ್ತಿರಲಿಲ್ಲ. ಇಲ್ಲಿ ನಿಜವಾದ, ದೊಡ್ಡ ರಂಗಸ್ಥಳ ಇತ್ತು.

ಮೂಕಿ ಮುಗಿದ ಮೇಲೆ ಬಂದ ಆರ್ಗನ್

ಮೂಕಿ ಚಿತ್ರಗಳ ಕಾಲದಲ್ಲಿ ನಮ್ಮ ಕಡೆ ಪರದೆ ಪಕ್ಕ ಹಾರ್ಮೋನಿಯಂ, ತಬಲಾ ಇಟ್ಟುಕೊಂಡು ಕೂರುತ್ತಿದ್ದರು. ಅಮೆರಿಕದ ದೊಡ್ಡ ಥಿಯೇಟರ್‌ಗಳಲ್ಲಿ ಮೊದಲು ವಾದ್ಯವೃಂದ ಇತ್ತು. ಅಷ್ಟು ಜನಕ್ಕೆ ಸಂಬಳ ಕೊಡುವುದು ದುಬಾರಿ. ಒಬ್ಬನೇ ಕೂತು ಇಡೀ ವಾದ್ಯವೃಂದದ ಕೆಲಸ ಮಾಡುವ ಯಂತ್ರ ಸಿಕ್ಕರೆ ಹೇಗೆ? ಆರ್ಗನ್ ಎಂದರೆ ಕೀ ಒತ್ತಿದಾಗ ಪೈಪ್‌ಗಳಿಗೆ ಗಾಳಿ ನುಗ್ಗಿ ನುಡಿಯುವ ವಾದ್ಯ. ಥಿಯೇಟರ್ ಆರ್ಗನ್ ಹುಟ್ಟಿದ್ದು ಈ ಲೆಕ್ಕಾಚಾರದಿಂದ.

ಇದರ ಹಿಂದೆ ಇದ್ದವನು ಇಂಗ್ಲೆಂಡಿನ ರಾಬರ್ಟ್ ಹೋಪ್-ಜೋನ್ಸ್. ಅವನು ಮೊದಲು ಟೆಲಿಫೋನ್ ಕಂಪನಿಯೊಂದರ ವಿದ್ಯುತ್ ಎಂಜಿನಿಯರ್ ಆಗಿದ್ದ. ಚರ್ಚ್ ಆರ್ಗನ್‌ಗಳಲ್ಲಿ ಕೀ ಒತ್ತಿದರೆ ಉದ್ದುದ್ದ ಕಡ್ಡಿ, ಸನ್ನೆಗಳ ಮೂಲಕ ಪೈಪ್‌ನ ಬಾಯಿ ತೆರೆಯಬೇಕಿತ್ತು. ಹೋಪ್-ಜೋನ್ಸ್ ಅದರ ಬದಲು ತಂತಿ ಮತ್ತು ವಿದ್ಯುತ್ ತಂದ. ಕೀ ಒತ್ತಿದರೆ ಕರೆಂಟ್ ಹೋಗಿ, ಪುಟ್ಟ ಚರ್ಮದ ತಿದಿಯೊಂದು ಕುಗ್ಗಿ, ಪೈಪ್‌ಗೆ ಗಾಳಿ ಬಿಡುತ್ತದೆ. ಇದರಿಂದ ಎರಡು ಅನುಕೂಲವಾಯಿತು. ವಾದಕ ಕೂರುವ ಕನ್ಸೋಲ್ ಎಲ್ಲಿ ಬೇಕಾದರೂ ಇರಬಹುದು, ಲಿಫ್ಟ್ ಮೇಲೂ ಇರಬಹುದು. ಇನ್ನೊಂದು, ಒಂದೇ ಸಾಲಿನ, ಅಂದರೆ ಒಂದೇ ಬಗೆಯ ದನಿಯ, ಪೈಪ್‌ಗಳನ್ನು ಬೇರೆ ಬೇರೆ ಕೀಬೋರ್ಡ್‌ನಿಂದ, ಬೇರೆ ಬೇರೆ ಸ್ಥಾಯಿಯಲ್ಲಿ ಬಳಸಿಕೊಳ್ಳಬಹುದು. ಕಡಿಮೆ ಪೈಪ್‌ನಲ್ಲಿ ಜಾಸ್ತಿ ನಾದ. 1910ರಲ್ಲಿ ವುರ್ಲಿಟ್ಸರ್ ಕಂಪನಿ ಅವನ ಉದ್ಯಮವನ್ನು ಕೊಂಡಿತು. ಮುಂದೆ ಅದೊಂದೇ ಕಂಪನಿ 2,200ಕ್ಕೂ ಜಾಸ್ತಿ ಥಿಯೇಟರ್ ಆರ್ಗನ್ ಮಾಡಿತು.

ಫಾಕ್ಸ್‌ನ ಆರ್ಗನ್ ವುರ್ಲಿಟ್ಸರ್ ಅಲ್ಲ. ಮೇರಿಲ್ಯಾಂಡ್‌ನ ಹೇಗರ್ಸ್‌ಟೌನ್‌ನಲ್ಲಿದ್ದ ಎಂ. ಪಿ. ಮೋಲರ್ ಕಂಪನಿಯದು. ನಾಲ್ಕು ಕೀಬೋರ್ಡ್, 42 ಸಾಲು, 3,622 ಪೈಪ್. ಸಣ್ಣ ಪೈಪ್ ಪೆನ್ನಿನಷ್ಟು, ದೊಡ್ಡವು ಹಲವು ಆಳೆತ್ತರ. ಜೊತೆಗೆ ಡ್ರಮ್, ಗಂಟೆ, ತಾಳ, ಹಕ್ಕಿ ಕೂಗು, ಕಾರ್ ಹಾರ್ನ್. ಇವೆಲ್ಲ ನಿಜವಾದ ವಸ್ತುಗಳೇ, ಗಾಳಿಯಿಂದ ಓಡುತ್ತವೆ. ಜನ ಇದಕ್ಕೆ "ಮೈಟಿ ಮೋ" ಎಂದು ಹೆಸರಿಟ್ಟರು. ಇವತ್ತಿಗೂ ಹುಟ್ಟಿದ ಜಾಗದಲ್ಲೇ ಇರುವ ಥಿಯೇಟರ್ ಆರ್ಗನ್‌ಗಳಲ್ಲಿ ಇದಕ್ಕಿಂತ ದೊಡ್ಡದು ಒಂದೇ: ನ್ಯೂಯಾರ್ಕ್‌ನ ರೇಡಿಯೊ ಸಿಟಿ ಮ್ಯೂಸಿಕ್ ಹಾಲ್‌ನಲ್ಲಿರುವ 58 ಸಾಲಿನ ವುರ್ಲಿಟ್ಸರ್.

ಪೈಪ್‌ಗಳು ಪ್ರೇಕ್ಷಕರಿಗೆ ಕಾಣುವುದಿಲ್ಲ. ಗೋಡೆಯ ಹಿಂದೆ ಕೋಣೆಗಳಿವೆ, ಆ ಕೋಣೆಗಳ ಮುಂಭಾಗದಲ್ಲಿ ಮರದ ಷಟರ್‌ಗಳಿವೆ. ವಾದಕ ಕಾಲಿನಿಂದ ಪೆಡಲ್ ಒತ್ತಿದಂತೆ ಷಟರ್ ತೆರೆದು ಮುಚ್ಚಿ ಸದ್ದು ಹೆಚ್ಚು ಕಡಿಮೆ ಆಗುತ್ತದೆ. ಗಾಳಿ ಊದುವ ಬ್ಲೋವರ್ ಬೇರೆಲ್ಲೋ, ಗಾಳಿ ಕೊಳವೆ ಬೇರೆಲ್ಲೋ, ತಂತಿಗಳು ಕಟ್ಟಡದ ತುಂಬ. ಅಂದರೆ ಈ ವಾದ್ಯವನ್ನು ಕಟ್ಟಡದ ಒಳಗೆ ತಂದು ಇಟ್ಟದ್ದಲ್ಲ, ಕಟ್ಟಡದ ಜೊತೆಗೇ ಕಟ್ಟಿದ್ದು. ಕಿತ್ತು ಬೇರೆ ಕಡೆ ಸಾಗಿಸಬಹುದು ನಿಜ. ಆದರೆ ಆ ಕೋಣೆ, ಆ ಷಟರ್, ಆ ಸಭಾಂಗಣದ ಪ್ರತಿಧ್ವನಿ ಬಿಟ್ಟು ಹೋದ ಮೇಲೆ ಅದೇ ಪೈಪ್‌ಗಳು ಬೇರೆಯದೇ ಆರ್ಗನ್ ಆಗುತ್ತವೆ.

ಒಂದು ತಮಾಷೆ ಇದೆ. 1929ರ ಹೊತ್ತಿಗೆ ಟಾಕಿ ಬಂದು ಗೆದ್ದಾಗಿತ್ತು. ಫಿಲ್ಮಿನ ಅಂಚಿನಲ್ಲೇ ಧ್ವನಿ ಮುದ್ರಿಸುವ ಮೂವಿಟೋನ್ ಪದ್ಧತಿಯನ್ನು ಊರೂರಿಗೆ ಹಬ್ಬಿಸಿದವನು ಇದೇ ವಿಲಿಯಂ ಫಾಕ್ಸ್. ಥಿಯೇಟರ್ ಆರ್ಗನ್ ವಾದಕರ ಅನ್ನ ಕಿತ್ತವರಲ್ಲಿ ಅವನೂ ಒಬ್ಬ. ಅವನ ಹೆಸರಿನ ಥಿಯೇಟರ್‌ನಲ್ಲೇ ಇಷ್ಟು ದೊಡ್ಡ ಆರ್ಗನ್! ಹಾಗಾಗಿ ಮೈಟಿ ಮೋ ಮೂಕಿ ಚಿತ್ರಕ್ಕೆ ದುಡಿದದ್ದು ಕಡಿಮೆ. ಸಿನಿಮಾಗೆ ಮುಂಚೆ, ಸಿನಿಮಾಗಳ ನಡುವೆ, ಜನರನ್ನು ಹಾಡಿಸಲು ಅದನ್ನು ಬಳಸಿದರು. ಪರದೆ ಮೇಲೆ ಹಾಡಿನ ಸಾಲು, ಕೆಳಗೆ ಸಾವಿರಾರು ದನಿ, ಜೊತೆಗೆ ಆರ್ಗನ್. ಕೊನೆಗೆ ಇದೇ ಒಳ್ಳೆಯದಾಯಿತು ಅನಿಸುತ್ತದೆ. ಮೂಕಿ ಚಿತ್ರವನ್ನೇ ನೆಚ್ಚಿಕೊಂಡಿದ್ದ ಆರ್ಗನ್‌ಗಳು ಟಾಕಿ ಬಂದಾಗ ಅನಾಥವಾದವು. ಇದಕ್ಕೆ ಮೊದಲಿಂದಲೂ ಸ್ವಂತ ಕೆಲಸ ಒಂದಿತ್ತು.

ಸಮಸ್ಯೆ: ಮೊದಲು ಆರ್ಗನ್, ಆಮೇಲೆ ಕಟ್ಟಡ

1950ರ ದಶಕದ ನಡುವೆ ಆರ್ಗನ್ ನಿಂತು ಹೋಯಿತು. ಇದು ಯಾರದೋ ಬೇಜವಾಬ್ದಾರಿ ಅಂತ ಹೇಳಿಬಿಡುವುದು ಸುಲಭ. ಆದರೆ ಇಂಥ ಆರ್ಗನ್‌ಗಳಿಗೆಲ್ಲ ಬರುವ ಕಾಯಿಲೆ ಅದು. ಒಳಗಿನ ಸಾವಿರಾರು ಪುಟ್ಟ ತಿದಿಗಳು ಚರ್ಮದವು. ಕೆಲವು ದಶಕ ಕಳೆದರೆ ಚರ್ಮ ಒಣಗಿ ಬಿರುಕು ಬಿಡುತ್ತದೆ. ಗಾಳಿ ಸೋರುತ್ತದೆ. ಕೆಲವು ಪೈಪ್ ಮೂಕವಾಗುತ್ತವೆ. ಕೆಲವು ಒತ್ತದಿದ್ದರೂ ಕೂಗುತ್ತವೆ. ಒಂದೊಂದು ತಿದಿಯನ್ನೂ ಬಿಚ್ಚಿ, ಹಳೇ ಚರ್ಮ ಕೆರೆದು ತೆಗೆದು, ಹೊಸದು ಅಂಟಿಸಬೇಕು. ಟಿಕೆಟ್ ಮಾರಾಟ ಇಳಿಯುತ್ತಿದ್ದ ಕಾಲದಲ್ಲಿ ಯಾವ ಮ್ಯಾನೇಜರ್ ಇದಕ್ಕೆ ದುಡ್ಡು ಹಾಕುತ್ತಾನೆ?

ಕಟ್ಟಡಕ್ಕೂ ಅದೇ ಗತಿ ಬಂತು, ಸ್ವಲ್ಪ ತಡವಾಗಿ. ಟಿವಿ ಬಂತು. ಜನ ಊರಾಚೆ ಬಡಾವಣೆಗಳಿಗೆ ಮನೆ ಬದಲಿಸಿದರು. ಹೊಸ ಚಿತ್ರಗಳು ಅಲ್ಲಿನ ಸಣ್ಣ ಥಿಯೇಟರ್‌ಗಳಿಗೆ ಹೋದವು. 1968ರ ನಂತರ ಒಪೆರಾ ಕೂಡ ಬೇರೆ ಸಭಾಂಗಣಕ್ಕೆ ಹೋಯಿತು. 4,600 ಸೀಟಿನ ಹಾಲ್‌ನಲ್ಲಿ ಕೆಲವೇ ನೂರು ಜನ ಕೂತರೆ ಲೈಟ್ ಬಿಲ್ಲಿಗೂ ಸಾಲದು. 1975ರ ಜನವರಿ ಮೊದಲ ವಾರದಲ್ಲಿ ಸಿನಿಮಾ ಪ್ರದರ್ಶನ ಪೂರ್ತಿ ನಿಂತಿತು.

ಅಷ್ಟರಲ್ಲಿ, 1974ರಲ್ಲೇ, ಸದರ್ನ್ ಬೆಲ್ ಎಂಬ ಟೆಲಿಫೋನ್ ಕಂಪನಿ ಈ ಜಾಗದ ಮೇಲೆ ಕಣ್ಣು ಹಾಕಿತ್ತು. ಅವರಿಗೆ ಹೊಸ ಮುಖ್ಯ ಕಚೇರಿ ಕಟ್ಟಬೇಕಿತ್ತು. ಟೆಲಿಫೋನ್ ಎಂಜಿನಿಯರ್ ಒಬ್ಬನ ತಲೆಯಿಂದ ಬಂದ ವಾದ್ಯಕ್ಕೆ ಟೆಲಿಫೋನ್ ಕಂಪನಿಯಿಂದಲೇ ಕುತ್ತು!

1963ರ ರಿಪೇರಿ

ಈಗ ಆ ಹನ್ನೊಂದು ವರ್ಷ ಹಿಂದಕ್ಕೆ ಹೋಗೋಣ. 1955ರಲ್ಲಿ ಅಮೆರಿಕದಲ್ಲಿ ಥಿಯೇಟರ್ ಆರ್ಗನ್ ಅಭಿಮಾನಿಗಳು ಒಂದು ರಾಷ್ಟ್ರೀಯ ಸಂಘ ಕಟ್ಟಿಕೊಂಡಿದ್ದರು. ಕೆಡವುವ ಥಿಯೇಟರ್‌ಗಳಿಂದ ಆರ್ಗನ್ ಕೊಂಡು ಮನೆಗೆ ಸಾಗಿಸುವುದು, ನಿಂತು ಹೋದದ್ದನ್ನು ಬಿಡುವಿನ ವೇಳೆಯಲ್ಲಿ ರಿಪೇರಿ ಮಾಡುವುದು ಆಗಿನ ಹವ್ಯಾಸಿಗಳ ಕೆಲಸ. ಅಂಥದ್ದೇ ಹುಚ್ಚು ಹಿಡಿದಿದ್ದ ಒಬ್ಬ ತಂತ್ರಜ್ಞ ಅಟ್ಲಾಂಟಾದಲ್ಲಿದ್ದ. 1963ರಲ್ಲಿ ಆತ ಮೈಟಿ ಮೋ ರಿಪೇರಿಗೆ ಕೈ ಹಾಕಿದ. ವರ್ಷ ಮುಗಿಯುವುದರೊಳಗೆ ಆರ್ಗನ್ ಮತ್ತೆ ನುಡಿಯಿತು. ಊರಿನ ರೇಡಿಯೊದಲ್ಲಿ ಎಲ್ಲರಿಗೂ ದನಿ ಪರಿಚಯವಿದ್ದ ಒಬ್ಬರು ಅದರ ವಾದಕರಾದರು.

ಇದನ್ನು ಯಾರೂ "ಕಟ್ಟಡ ಉಳಿಸುವ ಯೋಜನೆ" ಎಂದು ಮಾಡಿದ್ದಲ್ಲ. ಆಗ ಕಟ್ಟಡಕ್ಕೆ ಅಪಾಯವೇ ಇರಲಿಲ್ಲ. ಆದರೆ ಈ ರಿಪೇರಿಯಿಂದ ಆದದ್ದನ್ನು ನೋಡಿ. ಆರ್ಗನ್ ಸರಿ ಮಾಡಬೇಕೆಂದರೆ ಕಟ್ಟಡದ ಹೊಟ್ಟೆಯೊಳಗೆಲ್ಲ ಹೊಕ್ಕು ಬರಬೇಕು. ಯಾವ ಗೋಡೆ ಹಿಂದೆ ಏನಿದೆ, ತಂತಿ ಎಲ್ಲಿ ಹಾದಿದೆ, ನೀರು ಎಲ್ಲಿ ಸೋರುತ್ತದೆ ಎಂದು ಒಬ್ಬ ಮನುಷ್ಯನಿಗೆ ತಿಳಿಯಿತು. ಅದೂ ಸಂಬಳಕ್ಕಲ್ಲ, ಪ್ರೀತಿಗೆ. ಮಾಲೀಕರು, ಮ್ಯಾನೇಜರ್‌ಗಳು ಬದಲಾದರೂ ಅವನು ಬದಲಾಗಲಿಲ್ಲ.

ಪ್ರೇಕ್ಷಕರ ಕಡೆಯೂ ಒಂದು ಬದಲಾವಣೆ ಆಯಿತು. ಸಿನಿಮಾ ಎಲ್ಲಿ ಬೇಕಾದರೂ ನೋಡಬಹುದು. ನೆಲದಿಂದ ಮೇಲೆದ್ದು ಬರುವ ಕನ್ಸೋಲ್, ಎಲ್ಲರೂ ಕೂಡಿ ಹಾಡುವುದು, ಇವು ಬೇರೆಲ್ಲೂ ಇಲ್ಲ. 1974ರಲ್ಲಿ ಕೆಡವುವ ಸುದ್ದಿ ಬಂದಾಗ ಊರಿನ ಹದಿಹರೆಯದವರಿಗೂ ಫಾಕ್ಸ್ ಅಂದರೆ ಏನೆಂದು ಗೊತ್ತಿತ್ತು. ಅಜ್ಜಂದಿರ ನೆನಪಷ್ಟೇ ಆಗಿದ್ದರೆ ಶಾಲಾ ಮಕ್ಕಳು ಫಲಕ ಹಿಡಿದು ಥಿಯೇಟರ್ ಮುಂದೆ ನಿಲ್ಲುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ.

ಹಾಗೆಂದು ಆರ್ಗನ್‌ಗೇ ಎಲ್ಲ ಕೀರ್ತಿ ಕೊಟ್ಟರೆ ಮೋಸವಾಗುತ್ತದೆ. ಅದಕ್ಕೆ ಉತ್ತರ ಸ್ಯಾನ್ ಫ್ರಾನ್ಸಿಸ್ಕೊದಲ್ಲಿದೆ. ಅಲ್ಲೂ ವಿಲಿಯಂ ಫಾಕ್ಸ್‌ನದೇ ಒಂದು ಭಾರಿ ಥಿಯೇಟರ್ ಇತ್ತು, ಅದೂ 1929ರದ್ದೇ, ಸುಮಾರು ಇಷ್ಟೇ ಸೀಟು, 36 ಸಾಲಿನ ವುರ್ಲಿಟ್ಸರ್. ಆರ್ಗನ್ ಚೆನ್ನಾಗಿ ನುಡಿಯುತ್ತಿತ್ತು, ಅಭಿಮಾನಿಗಳೂ ಇದ್ದರು. ನಗರಾಡಳಿತವೇ ಕಟ್ಟಡವನ್ನು ಕೊಳ್ಳಲಿ ಎಂಬ ಪ್ರಸ್ತಾಪವನ್ನು ಮತದಾರರ ಮುಂದೆ ಇಟ್ಟರು. ಮತದಾರರು ಬೇಡ ಅಂದರು. 1963ರಲ್ಲಿ, ಅಟ್ಲಾಂಟಾದಲ್ಲಿ ಮೈಟಿ ಮೋ ಎದ್ದ ಅದೇ ವರ್ಷ, ಸ್ಯಾನ್ ಫ್ರಾನ್ಸಿಸ್ಕೊದ ಫಾಕ್ಸ್ ನೆಲಕ್ಕುರುಳಿತು. ಅದರ ಆರ್ಗನ್ ಈಗ ಹಾಲಿವುಡ್‌ನ ಎಲ್ ಕ್ಯಾಪಿಟನ್ ಥಿಯೇಟರ್‌ನಲ್ಲಿದೆ. ವಾದ್ಯ ಬದುಕಿತು, ಮನೆ ಹೋಯಿತು.

1974–75: ಏನೇನು ಮಾಡಿದರು

ಅಟ್ಲಾಂಟಾದಲ್ಲಿ ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಸಹಿ ಸಂಗ್ರಹ, ಫಲಕ, ಪತ್ರಿಕೆಗಳಲ್ಲಿ ಸುದ್ದಿ. 1974ರಲ್ಲೇ ಕಟ್ಟಡ ರಾಷ್ಟ್ರೀಯ ಪಾರಂಪರಿಕ ಪಟ್ಟಿಗೂ ಸೇರಿತು. ಇಲ್ಲಿ ಒಂದು ಮಾತು ಗಮನಿಸಿ. ಅಮೆರಿಕದಲ್ಲಿ ಈ ಪಟ್ಟಿಗೆ ಸೇರಿದ ಮಾತ್ರಕ್ಕೆ ಖಾಸಗಿ ಮಾಲೀಕ ತನ್ನ ದುಡ್ಡಿನಲ್ಲಿ ಕಟ್ಟಡ ಕೆಡವುವುದನ್ನು ತಡೆಯಲು ಆಗುವುದಿಲ್ಲ. ಗೌರವ ಸಿಗುತ್ತದೆ, ರಕ್ಷಣೆ ಸಿಗುವುದಿಲ್ಲ. ಪಟ್ಟಿಗೆ ಸೇರಿಸಿ ಗೆದ್ದೆವು ಎಂದು ಮನೆಗೆ ಹೋಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು.

ನಿಜವಾಗಿ ಕೆಲಸಕ್ಕೆ ಬಂದದ್ದು ಮೂರು ಹೆಜ್ಜೆ.

ಮೊದಲನೆಯದು ಸಂಸ್ಥೆ. ಅಟ್ಲಾಂಟಾ ಲ್ಯಾಂಡ್‌ಮಾರ್ಕ್ಸ್ ಎಂಬ ಲಾಭರಹಿತ ಸಂಸ್ಥೆ ಕಟ್ಟಿದರು. ಕಟ್ಟಿದವರಲ್ಲಿ ಆರ್ಗನ್ ರಿಪೇರಿ ಮಾಡಿದ ಆ ತಂತ್ರಜ್ಞನೂ ಒಬ್ಬ. ಬೀದಿಯಲ್ಲಿ ನಿಂತ ಗುಂಪಿಗೆ ಬ್ಯಾಂಕ್ ಸಾಲ ಕೊಡುವುದಿಲ್ಲ. ಟೆಲಿಫೋನ್ ಕಂಪನಿಯ ವಕೀಲರು ಗುಂಪಿನ ಜೊತೆ ಕರಾರಿಗೆ ಸಹಿ ಹಾಕುವುದಿಲ್ಲ. ಎದುರು ಕೂತು ಮಾತಾಡಲು ಒಂದು ಸಂಸ್ಥೆ ಬೇಕಿತ್ತು.

ಎರಡನೆಯದು ಕಾಲಾವಕಾಶ. ಆಗ ಅಟ್ಲಾಂಟಾದ ಮೇಯರ್ ಮೇನಾರ್ಡ್ ಜಾಕ್ಸನ್, ಆ ನಗರದ ಮೊದಲ ಕಪ್ಪು ಮೇಯರ್. ಅಧಿಕಾರಕ್ಕೆ ಬಂದು ಇನ್ನೂ ವರ್ಷ ತುಂಬಿತ್ತೋ ಇಲ್ಲವೋ. ಕೆಡವಲು ಬೇಕಾದ ಪರವಾನಗಿಯನ್ನು ನಗರಾಡಳಿತ ಕೂಡಲೇ ಕೊಡದೆ ತಡೆಹಿಡಿಯಿತು. ಶಾಶ್ವತವಾಗಿ ಅಲ್ಲ, ಕೆಲವು ತಿಂಗಳ ಮಟ್ಟಿಗೆ. ಮೇಯರ್‌ನ ಮನಸ್ಸಿನಲ್ಲಿ ಏನಿತ್ತೋ ನಾನು ಊಹಿಸಲು ಹೋಗುವುದಿಲ್ಲ. ಆದರೆ ತನ್ನ ಜನ ಹೊರಮೆಟ್ಟಿಲು ಹತ್ತಿ ಹೋಗಬೇಕಿದ್ದ ಕಟ್ಟಡಕ್ಕೆ ಉಸಿರಾಡಲು ಸಮಯ ಕೊಟ್ಟದ್ದು ಅವನ ಆಡಳಿತ. ಇದು ಸಣ್ಣ ಮಾತಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ, ಎಲ್ಲಕ್ಕಿಂತ ಕಡಿಮೆ ರೋಚಕ: ಜಮೀನು ಅದಲು ಬದಲು. ಸದರ್ನ್ ಬೆಲ್‌ಗೆ ಬೇಕಾದದ್ದು ಏನು? ನಗರದ ನಡುವೆ, ಬರಲಿದ್ದ ಮೆಟ್ರೊ ನಿಲ್ದಾಣಕ್ಕೆ ಹತ್ತಿರ, ಎತ್ತರದ ಕಟ್ಟಡ ಕಟ್ಟಲು ಒಟ್ಟಾದ ಒಂದು ಜಾಗ. ಅದು ಫಾಕ್ಸ್ ನಿಂತ ಜಾಗವೇ ಆಗಬೇಕೆಂದೇನೂ ಇರಲಿಲ್ಲ. ಕಂಪನಿಯನ್ನು ಖಳನಾಯಕ ಮಾಡಿ ಬೈಯುತ್ತಲೇ ಇದ್ದರೆ ಈ ಪ್ರಶ್ನೆ ಯಾರ ತಲೆಗೂ ಹೊಳೆಯುತ್ತಿರಲಿಲ್ಲ. ಅದೇ ಬ್ಲಾಕ್‌ನಲ್ಲಿ ಪಕ್ಕದ ಜಾಗ ಹೊಂದಿಸಿಕೊಟ್ಟರೆ ನಿಮಗೆ ಓಕೆನಾ ಎಂದು ಕೇಳಿದರು. ಕಂಪನಿ ಒಪ್ಪಿತು. ಊರಿಗೆ ಊರೇ ತಿರುಗಿಬಿದ್ದಾಗ ಮುಖ ಉಳಿಸಿಕೊಂಡು ಹಿಂದೆ ಸರಿಯಲು ಅವರಿಗೂ ಒಂದು ದಾರಿ ಬೇಕಿತ್ತು. ಬೀದಿ ಹೋರಾಟ ಕಂಪನಿಯನ್ನು ಮಾತುಕತೆಗೆ ಎಳೆದು ತಂದಿತು. ಒಪ್ಪಂದ ಮಾಡಿಸಿದ್ದು ಮಾತ್ರ ನಕ್ಷೆ ಮತ್ತು ಲೆಕ್ಕ.

1975ರ ಜೂನ್‌ನಲ್ಲಿ ಕೆಲವು ಬ್ಯಾಂಕ್‌ಗಳು ಸೇರಿ ಅಟ್ಲಾಂಟಾ ಲ್ಯಾಂಡ್‌ಮಾರ್ಕ್ಸ್‌ಗೆ 18 ಲಕ್ಷ ಡಾಲರ್ ಸಾಲ ಕೊಟ್ಟವು. ಮೂರು ವರ್ಷದಲ್ಲಿ ತೀರಿಸಬೇಕು. ತೀರಿಸದಿದ್ದರೆ ಥಿಯೇಟರ್ ಮತ್ತೆ ಅಪಾಯಕ್ಕೆ.

ಮೂರು ವರ್ಷದ ಗಡುವು

ಇಲ್ಲಿ ಅವರು ತೆಗೆದುಕೊಂಡ ತೀರ್ಮಾನ ಧೈರ್ಯದ್ದು. ಕಟ್ಟಡವನ್ನು ವಸ್ತು ಸಂಗ್ರಹಾಲಯ ಮಾಡಲಿಲ್ಲ. ಮತ್ತೆ ಸಿನಿಮಾ ಹಾಲ್ ಮಾಡಿ ಅದೇ ನಷ್ಟಕ್ಕೆ ಬೀಳಲಿಲ್ಲ. ಒಪೆರಾ ನಡೆದಿದ್ದ ಆ ದೊಡ್ಡ ರಂಗಸ್ಥಳವನ್ನು ಸಂಗೀತ ಕಛೇರಿಗಳಿಗೆ, ಸುತ್ತಾಡುವ ನಾಟಕ ಕಂಪನಿಗಳಿಗೆ ಬಾಡಿಗೆಗೆ ಬಿಟ್ಟರು. ರಾಕ್ ಸಂಗೀತಕ್ಕೂ. 1976ರ ಜುಲೈನಲ್ಲಿ ಲಿನಿರ್ಡ್ ಸ್ಕಿನಿರ್ಡ್ ತಂಡ ಮೂರು ರಾತ್ರಿ ಇಲ್ಲಿ ಹಾಡಿ, ಅದನ್ನು ಮುದ್ರಿಸಿ ಧ್ವನಿಮುದ್ರಿಕೆ ಮಾಡಿತು. ಉದ್ದ ಕೂದಲಿನ ಹುಡುಗರ ಗದ್ದಲ ಈ ಗಾರೆ ಡೇರೆ ಕೆಳಗೆ! ಪರಂಪರೆ ಎಂದರೆ ಮೆಲುದನಿಯಲ್ಲೇ ಮಾತಾಡಬೇಕು ಎನ್ನುವವರಿಗೆ ಇದು ಇಷ್ಟವಾಗಿರಲಾರದು. ಆದರೆ ಸಾಲ ತೀರಿಸುವುದು ಟಿಕೆಟ್ ಕೊಂಡವರು. ಅದೇ 1976ರಲ್ಲಿ ಕಟ್ಟಡಕ್ಕೆ ರಾಷ್ಟ್ರೀಯ ಐತಿಹಾಸಿಕ ಸ್ಮಾರಕ ಎಂಬ ಇನ್ನೂ ಮೇಲಿನ ಮನ್ನಣೆ ಸಿಕ್ಕಿತು.

1978ರಲ್ಲಿ ಗಡುವಿಗೂ ಮುಂಚೆ ಸಾಲ ತೀರಿತು. ಅದೇ ವರ್ಷದ ಆರಂಭದಲ್ಲಿ, ಫಾಕ್ಸ್ ಇರುವ ಪೀಚ್‌ಟ್ರೀ ರಸ್ತೆಯಲ್ಲೇ, ಲೋಸ್ ಗ್ರ್ಯಾಂಡ್ ಎಂಬ ಇನ್ನೊಂದು ಹಳೇ ಥಿಯೇಟರ್ ಬೆಂಕಿಗೆ ಸಿಕ್ಕಿತು. 1939ರಲ್ಲಿ "ಗಾನ್ ವಿತ್ ದ ವಿಂಡ್" ಚಿತ್ರ ಮೊದಲು ತೆರೆ ಕಂಡದ್ದು ಅಲ್ಲಿ. ಅದನ್ನು ಕೆಡವಿದರು. ಈಗ ಆ ಜಾಗದಲ್ಲಿ ಒಂದು ಕಚೇರಿ ಗೋಪುರ ಇದೆ. ಇತ್ತ ಫಾಕ್ಸ್‌ನ ಬೆನ್ನಿಗೆ ಸದರ್ನ್ ಬೆಲ್‌ನ 47 ಮಹಡಿಯ ಕಟ್ಟಡ ಎದ್ದಿತು. ಎರಡೂ ಇವತ್ತಿಗೂ ಒಂದರ ಹಿಂದೆ ಒಂದು ನಿಂತಿವೆ. ಪಕ್ಕದಲ್ಲೇ ಮೆಟ್ರೊ ನಿಲ್ದಾಣ.

ಇದರಿಂದ ಏನು ತೆಗೆದುಕೊಳ್ಳಬಹುದು

ಅಭಿಯಾನದ ಭಾಗವನ್ನು ಎಲ್ಲರೂ ನಕಲು ಮಾಡುತ್ತಾರೆ. ಅದು ಕಣ್ಣಿಗೆ ಕಾಣುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ. ನನ್ನ ಪ್ರಕಾರ ಈ ಪ್ರಕರಣದ ತಿರುವುಗಳು ಬೇರೆ ಕಡೆ ಇವೆ. ಕುತ್ತು ಬರುವ ಎಷ್ಟೋ ವರ್ಷ ಮೊದಲೇ ಕಟ್ಟಡದ ಒಂದು ಭಾಗ ಸರಿಯಾಗಿ ಕೆಲಸ ಮಾಡುತ್ತಿತ್ತು. ಅದರ ಸುತ್ತ ಒಂದು ಬಳಗ ಬೆಳೆದಿತ್ತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆ ಬಳಗವೂ ಇತ್ತು. ಆದರೆ ಅಲ್ಲಿ ಕೇಳಿದ ಪ್ರಶ್ನೆ "ಸರ್ಕಾರ ಇದನ್ನು ಕೊಳ್ಳುತ್ತದಾ?" ಎಂದು. ಅಟ್ಲಾಂಟಾದಲ್ಲಿ ಕೇಳಿದ್ದು "ಕೊಳ್ಳುವವನಿಗೆ ನಿಜವಾಗಿ ಬೇಕಾದದ್ದೇನು?" ಎಂದು. ಹತ್ತು ವರ್ಷದ ಅಂತರವೂ ಇತ್ತೆನ್ನಿ. ಅಮೆರಿಕದ ಪಾರಂಪರಿಕ ಸಂರಕ್ಷಣಾ ಕಾಯ್ದೆ ಬಂದದ್ದೇ 1966ರಲ್ಲಿ. ಅದಕ್ಕೂ ಮುಂಚೆ ಹಳೇ ಸಿನಿಮಾ ಹಾಲ್ ಉಳಿಸಿ ಎಂದರೆ ನಗುವವರೇ ಜಾಸ್ತಿ ಇದ್ದರು.

ಅದೃಷ್ಟವೂ ಇತ್ತು. ಪಕ್ಕದಲ್ಲಿ ಅದಲು ಬದಲು ಮಾಡುವಂಥ ಜಾಗ ಸಿಗದಿದ್ದರೆ? ಶ್ರೈನರ್ಸ್ ತಮ್ಮ ಸಮಾರಂಭಗಳಿಗೆ ದೊಡ್ಡ ರಂಗಸ್ಥಳ ಬೇಕೆನ್ನದೆ ಇದ್ದಿದ್ದರೆ? ಬೆಂಗಳೂರಿನ ಕಪಾಲಿಯಂಥ ಥಿಯೇಟರ್ ನೆಲಸಮ ಆದಾಗ ಬೇಜಾರಾಗದವರು ಯಾರು? ಆದರೆ ನಮ್ಮ ಸಿಂಗಲ್ ಸ್ಕ್ರೀನ್‌ಗಳಲ್ಲಿ ಪರದೆ ಹಿಂದೆ ಜಾಗ ಇಲ್ಲ, ಪರದೆ ತೆಗೆದರೆ ಬೇರೆ ಸಂಪಾದನೆ ಇಲ್ಲ. ಫಾಕ್ಸ್ ಮಾದರಿ ಅಲ್ಲಿಗೆ ಹಾಗೇ ಹೊಂದುವುದಿಲ್ಲ. ನಾಟಕ ಕಂಪನಿಗಳ ಕಾಲದಲ್ಲಿ ಕಟ್ಟಿ ಆಮೇಲೆ ಟಾಕೀಸ್ ಆದ ಹಳೇ ಕಟ್ಟಡಗಳು ಎಲ್ಲಾದರೂ ಉಳಿದಿದ್ದರೆ ಅವುಗಳ ವಿಷಯ ಬೇರೆ.

ಗೆದ್ದ ಮೇಲಿನ ಜಗಳ

ಪ್ರಕರಣದ ಈ ಭಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ನನಗೆ ಇದೇ ಹೆಚ್ಚು ಕಾಡುವುದು.

1979ರಲ್ಲಿ ಆಡಳಿತ ಮಂಡಳಿ ಆ ತಂತ್ರಜ್ಞನಿಗೆ ಥಿಯೇಟರ್ ಒಳಗೇ ವಾಸಿಸಲು ಜಾಗ ಕೊಟ್ಟಿತು. ಶ್ರೈನರ್ಸ್ ಬಳಸುತ್ತಿದ್ದ ಹಳೇ ಕೋಣೆಗಳು. ಬಾಡಿಗೆ ಇಲ್ಲ, ಬದುಕಿರುವವರೆಗೂ ಇರಬಹುದು ಎಂಬ ಕರಾರು. ಆತ ಅದನ್ನು ಸ್ವಂತ ಖರ್ಚಿನಲ್ಲಿ ಸರಿ ಮಾಡಿಸಿಕೊಂಡು ಅಲ್ಲೇ ವಾಸ ಹೂಡಿದ. ಮಂಡಳಿಗೆ ಇದರಿಂದ ನಷ್ಟವಾಗಲಿಲ್ಲ. 1996ರ ಏಪ್ರಿಲ್‌ನಲ್ಲಿ ಕಟ್ಟಡದ ಒಂದು ಭಾಗಕ್ಕೆ ಬೆಂಕಿ ಬಿದ್ದಾಗ ಆತ ಒಳಗೇ ಇದ್ದ. ಅಗ್ನಿಶಾಮಕ ದಳಕ್ಕೆ ದಾರಿ ತೋರಿಸಿದ. ಕಚೇರಿ, ಅಂಗಡಿಗಳ ಭಾಗ ಸುಟ್ಟರೂ ಸಭಾಂಗಣ ಉಳಿಯಿತು.

2010ರಲ್ಲಿ ಹೊಸ ತಲೆಮಾರಿನ ಮಂಡಳಿ ಆ ಕರಾರನ್ನು ಬದಲಿಸಲು ಹೊರಟಿತು. ಆತನಿಗೆ ಆಗ ವಯಸ್ಸು ಎಂಬತ್ತು ದಾಟಿತ್ತು, ಆರೋಗ್ಯವೂ ಕೆಟ್ಟಿತ್ತು. ಮಂಡಳಿಯ ಕಡೆಗೂ ಅದರದೇ ಕಾರಣಗಳಿದ್ದವು: ಸುರಕ್ಷತೆ, ಹೊಣೆ, ಸಾರ್ವಜನಿಕ ಕಟ್ಟಡದಲ್ಲಿ ಒಬ್ಬ ವೃದ್ಧರು ಒಂಟಿಯಾಗಿ ವಾಸಿಸುವುದು. ವಿಷಯ ಕೋರ್ಟಿಗೆ ಹೋಯಿತು. 1975ರಲ್ಲಿ ಫಾಕ್ಸ್ ಪರ ನಿಂತಿದ್ದ ಊರು ಈಗ ಫಾಕ್ಸ್ ಮಂಡಳಿಯನ್ನೇ ತರಾಟೆಗೆ ತೆಗೆದುಕೊಂಡಿತು. ಕೊನೆಗೆ ರಾಜಿಯಾಗಿ ಆತ ಅಲ್ಲೇ ಉಳಿದ. 2016ರಲ್ಲಿ ತೀರಿಕೊಂಡ.

ಯಾರು ಸರಿ ಎಂದು ತೀರ್ಪು ಕೊಡಲು ನಾನು ಹೋಗುವುದಿಲ್ಲ. ಆದರೆ ಬಾಯಿಮಾತಿನ ಪ್ರೀತಿಯಿಂದ ಶುರುವಾದ ಸಂಸ್ಥೆ ಬೆಳೆದು ದೊಡ್ಡದಾದಾಗ, ಸ್ಥಾಪಕರಿಗೂ ಸಂಸ್ಥೆಗೂ ಇಂಥ ಘರ್ಷಣೆ ಬಂದೇ ಬರುತ್ತದೆ. ನಮ್ಮ ಸಂಘ, ರಂಗಮಂದಿರ, ಗ್ರಂಥಾಲಯಗಳಲ್ಲಿ ಇದನ್ನು ಬೇಕಾದಷ್ಟು ನೋಡಿದ್ದೇವೆ. ಜೀವಮಾನದ ಕರಾರನ್ನು ಬರೆದು ಕೊಟ್ಟಿದ್ದರಿಂದ ಆತನಿಗೆ ಕೋರ್ಟಿನಲ್ಲಿ ಹಿಡಿದುಕೊಳ್ಳಲು ಒಂದು ಕಾಗದವಾದರೂ ಇತ್ತು. ಇನ್ನೂ ಮುಖ್ಯವಾದ ಪ್ರಶ್ನೆ: ಆತನ ತಲೆಯಲ್ಲಿದ್ದ ಕಟ್ಟಡದ ವಿವರಗಳು ಬೇರೆಯವರಿಗೆ ದಾಟಿದವಾ?

ಈ ಒಂದು ವಿಷಯದಲ್ಲಿ ಫಾಕ್ಸ್ ಸಮಯಕ್ಕೆ ಸರಿಯಾಗಿ ಎಚ್ಚೆತ್ತಿತ್ತು. ಥಿಯೇಟರ್‌ಗೆ ತನ್ನದೇ ಸಂರಕ್ಷಣಾ ವಿಭಾಗ ಇದೆ. ಗಾರೆ ಕೆಲಸ, ಬಣ್ಣ, ಹಳೇ ಪೀಠೋಪಕರಣ ನೋಡಿಕೊಳ್ಳಲು ಸಂಬಳದ ಜನ ಇದ್ದಾರೆ. ಮೈಟಿ ಮೋಗೆ ಖಾಯಂ ವಾದಕ ಇದ್ದಾರೆ. ಬೇಸಿಗೆಯ ಸಿನಿಮಾ ಸರಣಿಯಲ್ಲಿ ಚಿತ್ರಕ್ಕೆ ಮುಂಚೆ ಜನ ಈಗಲೂ ಆರ್ಗನ್ ಜೊತೆ ಹಾಡುತ್ತಾರೆ. 2008ರಲ್ಲಿ ಶುರುವಾದ ಫಾಕ್ಸ್ ಥಿಯೇಟರ್ ಇನ್‌ಸ್ಟಿಟ್ಯೂಟ್ ಎಂಬ ವಿಭಾಗ, ಜಾರ್ಜಿಯಾ ರಾಜ್ಯದ ಸಣ್ಣ ಊರುಗಳ ಹಳೇ ಥಿಯೇಟರ್‌ಗಳಿಗೆ ಹಣ ಮತ್ತು ಸಲಹೆ ಕೊಡುತ್ತಿದೆ. ಸದರ್ನ್ ಬೆಲ್ ಹೆಸರು ಮಾತ್ರ ಈಗ ಆ ಗೋಪುರದ ಮೇಲಿಲ್ಲ.